ಒಣ ಡಾಂಬರಿನ ಮೇಲೆ 4ಎಚ್: ಲಿವರ್ ಏಕೆ ಬಿಗಿದುಕೊಂಡಿತು?

ಹೊಸಚಾಲಕ:
ಹಳೆಯ ಗಾಡಿಯೊಂದನ್ನು ಕೊಂಡು ನಾಲ್ಕು ತಿಂಗಳಾಯಿತು. ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರ ಎಳೆಯುತ್ತವೆ. ಗೇರ್ ಲಿವರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇದೆ, ಅದರ ತಲೆಯ ಮೇಲೆ 2ಎಚ್ (ಎರಡು ಚಕ್ರ), 4ಎಚ್ (ನಾಲ್ಕು ಚಕ್ರ), ಎನ್ (ನ್ಯೂಟ್ರಲ್), 4ಎಲ್ (ನಿಧಾನದ ಗೇರಿನಲ್ಲಿ ನಾಲ್ಕು ಚಕ್ರ) ಎಂದು ಬರೆದಿದೆ. ಭಾನುವಾರ ಕೆಸರಿನ ದಾರಿಯಲ್ಲಿ 4ಎಚ್ ಹಾಕಿಕೊಂಡು ಹೋದೆ. ಹಿಡಿತ ಎಷ್ಟು ಚೆನ್ನಾಗಿತ್ತೆಂದರೆ ಡಾಂಬರು ಸಿಕ್ಕ ಮೇಲೂ ತೆಗೆಯಲು ಮನಸ್ಸಾಗಲಿಲ್ಲ. ಎರಡು ಚಕ್ರ ಎಳೆಯುವುದಕ್ಕಿಂತ ನಾಲ್ಕು ಎಳೆದರೆ ಒಳ್ಳೆಯದೇ ತಾನೇ ಎಂದುಕೊಂಡು ಸುಮಾರು 12 ಕಿ.ಮೀ. ಹಾಗೆಯೇ ಬಂದೆ.

ಗಾಡಿ ನಿಲ್ಲಿಸಲು ಸ್ಟೀರಿಂಗ್ ಪೂರ್ತಿ ತಿರುಗಿಸಿದೆ ನೋಡಿ, ಯಾರೋ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ಆಟವಾಡಿದಂತೆ ಗಾಡಿ ಮುಗ್ಗರಿಸಿತು. ಟೈರುಗಳು ಕಿರುಗುಟ್ಟಿದವು. ಲಿವರನ್ನು 2ಎಚ್‌ಗೆ ತರಲು ಎರಡೂ ಕೈ ಹಾಕಿ ಎಳೆದರೂ ಅಲುಗಲಿಲ್ಲ. ಹಿಂದೆ ಮುಂದೆ ಮಾಡುತ್ತ ಹತ್ತು ನಿಮಿಷ ಕಳೆದ ಮೇಲೆ 'ಟಣ್' ಎಂದು ಬಿಟ್ಟುಕೊಂಡಿತು. ಆ ಸದ್ದಿಗೆ ನನ್ನ ಎದೆಯೇ ಝಲ್ಲೆಂದಿತು. ಏನಾದರೂ ಮುರಿದಿರಬಹುದೇ?

ಗ್ರೀಸ್‌ಕೈ:
ಮುರಿದಿರಲಾರದು. ಮುರಿದಿದ್ದರೆ ಇಷ್ಟು ಹೊತ್ತಿಗೆ ಗಾಡಿಯೇ ಹೇಳುತ್ತಿತ್ತು. ನೀವು ಕೇಳಿದ್ದು ಬಿಗಿದ ಉಕ್ಕು ಒಮ್ಮೆಲೇ ಸಡಿಲವಾದ ಸದ್ದು.

ನಿಮ್ಮ ಗಾಡಿಯಲ್ಲಿ 4ಎಚ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ ಒಳಗೆ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎರಡೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ನುಸುಳುತ್ತವೆ. ನೀರು ಚೆಲ್ಲಿದ ನೆಲದಲ್ಲಿ ತಿರುಗಿ ಬಂದು ಅಚ್ಚು ನೋಡಿ, ತಿಳಿಯುತ್ತದೆ.

ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 2.5 ಮೀಟರ್ ಅಂತರವಿದೆ, ಹಿಂದಿನ ಆಕ್ಸಲ್‌ನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಎಂದುಕೊಳ್ಳಿ. ಆಗ ಮುಂದಿನದರ ತ್ರಿಜ್ಯ ಸುಮಾರು 5.6 ಮೀಟರ್. ಕಾಲು ಸುತ್ತು ತಿರುಗುವಷ್ಟರಲ್ಲಿ ಮುಂದಿನದು 90 ಸೆಂ.ಮೀ.ಗಿಂತ ಹೆಚ್ಚು ದೂರ ಹೋಗಬೇಕು. 70 ಸೆಂ.ಮೀ. ಎತ್ತರದ ಟೈರಿಗೆ ಅದು ಅರ್ಧ ಸುತ್ತಿಗಿಂತ ತುಸು ಕಡಿಮೆ. ಕ್ರೌನ್ ಪಿನಿಯನ್ ಅನುಪಾತ ನಾಲ್ಕಕ್ಕೆ ಒಂದು, ಅಂದರೆ ಶಾಫ್ಟ್ ನಾಲ್ಕು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಎಂದಿಟ್ಟರೆ ಶಾಫ್ಟ್ ಲೆಕ್ಕದಲ್ಲಿ ಒಂದೂವರೆ ಸುತ್ತಿಗೂ ಮೇಲೆ! ಆ ಒಂದೂವರೆ ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿ ಹಿಂಡಿಸಿಕೊಳ್ಳುವುದು ಶಾಫ್ಟು, ಜಾಯಿಂಟ್ ಕ್ರಾಸು, ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು. ಕೊನೆಗೆ ಟೈರು ಸೋತು ಜಿಗಿಯುತ್ತದೆ. ನೀವು ಕಂಡ ಮುಗ್ಗರಿಸುವಿಕೆ ಅದೇ. ಲಿವರ್ ಬಾರದಿದ್ದುದೂ ಆ ಹಿಂಡುವಿಕೆಯಿಂದಲೇ.

ನಾನೂ ಕಲಿಯುವ ಕಾಲದಲ್ಲಿ ಇದನ್ನೇ ಮಾಡಿದೆ. ಲಿವರ್ ಬರಲಿಲ್ಲವೆಂದು ಕಾಲಿನಿಂದ ಒದ್ದೆ. ಗುಂಡಿ ಮುರಿಯಿತು, ಲಿವರ್ ಅಲ್ಲೇ ಇತ್ತು. ನಮ್ಮ ಮೇಸ್ತ್ರಿ ಬೈಯಲೂ ಇಲ್ಲ. ಜಾಕ್ ತಂದು ಮುಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿದರು. ಎತ್ತಿದ್ದೇ ತಡ, ಗಾಳಿಯಲ್ಲಿದ್ದ ಚಕ್ರ ತಾನಾಗಿ ಗಿರ್ರನೆ ತಿರುಗಿ ನಿಂತಿತು. ಎಂಜಿನ್ ಆರಿತ್ತು, ಯಾರೂ ಮುಟ್ಟಿರಲಿಲ್ಲ. ಆಮೇಲೆ ಲಿವರ್ ಎರಡು ಬೆರಳಿಗೆ ಬಂತು. ಅಂದಿನಿಂದ ಯಾರು ಜಾಕ್ ಹಾಕಿದರೂ ಚಕ್ರದಿಂದ ಕೈ ದೂರ ಇಡಿ ಎನ್ನುತ್ತೇನೆ.

ನೀವು ಜಾಕ್ ಹುಡುಕಬೇಕಿಲ್ಲ. ಸ್ಟೀರಿಂಗ್ ನೇರ ಇಟ್ಟು ಕೆಲವು ಮೀಟರ್ ಹಿಂದಕ್ಕೆ ಹೋಗಿ ಲಿವರ್ ಎಳೆಯಿರಿ. ಬಾರದಿದ್ದರೆ ಎರಡು ಚಕ್ರಗಳನ್ನು ರಸ್ತೆಯಂಚಿನ ಮಣ್ಣಿಗೆ ಇಳಿಸಿ ಸ್ವಲ್ಪ ಓಡಿಸಿ.

ನಾಲ್ಕೂಸದಾ:
ಇಷ್ಟು ಹೆದರಿಸಬೇಕೇ? ನನ್ನ ಗಾಡಿಯಲ್ಲಿ ವರ್ಷವಿಡೀ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ಏನೂ ಆಗಿಲ್ಲ.

ಗ್ರೀಸ್‌ಕೈ:
ಡಿಫರೆನ್ಷಿಯಲ್ ಎಂದರೆ ಎರಡು ಕಡೆಗೂ ಶಕ್ತಿ ಕೊಡುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಎರಡು ಆಕ್ಸಲ್‌ಗಳಲ್ಲಿ ಒಂದೊಂದು ಇರುವುದಲ್ಲದೆ ನಿಮ್ಮದರ ಮಧ್ಯದಲ್ಲಿ ಮೂರನೆಯದೂ ಇದೆ, ಅವರದರಲ್ಲಿ ಇಲ್ಲ. 1970ರ ರೇಂಜ್ ರೋವರ್, 1977ರ ಲಾಡಾ ನಿವಾ ಎರಡೂ ಈ ಏರ್ಪಾಡಿನಿಂದಲೇ ಡಾಂಬರಿನ ಮೇಲೆ ಆರಾಮಾಗಿ ಓಡಿದವು. ಆದರೆ ಆ ಮಧ್ಯದ ಡಿಫರೆನ್ಷಿಯಲ್ ಅನ್ನು ಲಾಕ್ ಮಾಡಿ ತಿರುಗಿಸಿ ನೋಡಿ, ನೀವೂ ಇವರ ಪಕ್ಕದಲ್ಲೇ ಬಂದು ಕೂರುತ್ತೀರಿ. ಸುಜುಕಿ ಜಿಮ್ನಿಯಂಥ ಗಾಡಿಗಳಲ್ಲಿ ಮಧ್ಯದ ಡಿಫರೆನ್ಷಿಯಲ್ಲೇ ಇಲ್ಲ. 'ಫೋರ್ ವೀಲ್ ಡ್ರೈವ್' ಎಂಬ ಒಂದೇ ಹೆಸರನ್ನು ಎರಡಕ್ಕೂ ಅಂಟಿಸಿರುವುದರಿಂದಲೇ ಇಷ್ಟು ಗೊಂದಲ.

ಹೊಸಚಾಲಕ:
ಮಳೆಯಲ್ಲಿ ನೆನೆದ ಡಾಂಬರಾದರೆ? ಇನ್ನೊಂದು ವಿಷಯ: ನೇರ ರಸ್ತೆಯಲ್ಲೂ ಸ್ಟೀರಿಂಗ್ ತುಸು ಭಾರವಾಗಿತ್ತು ಎಂದು ಈಗ ಅನಿಸುತ್ತಿದೆ.

ಗ್ರೀಸ್‌ಕೈ:
ನೆನೆದ ಡಾಂಬರಿಗೂ ಸಾಕಷ್ಟು ಹಿಡಿತವಿರುತ್ತದೆ. ಚಕ್ರ ಜಾರುತ್ತಿಲ್ಲವೆಂದರೆ 2ಎಚ್ ಸಾಕು. 4ಎಚ್ ಹಾಕಿದರೆ ಬ್ರೇಕ್ ಬೇಗ ಹಿಡಿಯುತ್ತದೆ ಎಂಬ ನಂಬಿಕೆಯನ್ನೂ ಬಿಟ್ಟುಬಿಡಿ, ನಿಲ್ಲಿಸುವ ವಿಷಯದಲ್ಲಿ ಎಲ್ಲ ಗಾಡಿಗಳಿಗೂ ಇರುವುದು ನಾಲ್ಕೇ ಚಕ್ರ. ನೇರ ರಸ್ತೆಯಲ್ಲೂ ಭಾರ ಎಂದಿರಲ್ಲ, ಟೈರುಗಳನ್ನು ನೋಡಿ. ನಾಲ್ಕೂ ಒಂದೇ ಅಳತೆಯವೇ? ಸವೆತ, ಗಾಳಿ ಸಮನಾಗಿದೆಯೇ? ಸವೆದ ಟೈರು ಗಿಡ್ಡ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು. ಆಗ ನೇರ ರಸ್ತೆಯಲ್ಲೂ ಅದೇ ಹಿಂಡುವಿಕೆ.

ಹೊಸಚಾಲಕ:
ಈಗಷ್ಟೇ ಬಗ್ಗಿ ನೋಡಿ ಬಂದೆ. ಮುಂದಿನ ಎರಡು ಹೊಸವು, ರಬ್ಬರಿನ ಮೀಸೆ ಕೂಡ ಉದುರಿಲ್ಲ. ಹಿಂದಿನ ಎರಡು ಅಂಗೈಯಷ್ಟು ನುಣ್ಣಗಿವೆ. ಹಳೆಯ ಮಾಲೀಕರು ಇದನ್ನು ಹೇಳಿರಲೇ ಇಲ್ಲ.