‘ಜನರೇಟಿವಿಟಿ’ಗೆ ನಿಮ್ಮ ಕಡೆ ಏನಂತಾರೆ?

ತುಮಕೂರಿನಲ್ಲಿ ಬಿ.ಎಡ್. ಓದುವವರಿಗೆ ನಾನು ಮನಃಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಎರಿಕ್ ಎರಿಕ್‌ಸನ್ ಪಾಠ ಬಂದಾಗ ಒಂದು ಪದದ ಹತ್ತಿರ ನನ್ನ ನಾಲಿಗೆ ತಡವರಿಸುತ್ತದೆ. ಏಳನೇ ಹಂತದ ‘ಜನರೇಟಿವಿಟಿ’, ಅಂದರೆ ನಡುವಯಸ್ಸಿನವರಿಗೆ ಮುಂದಿನ ತಲೆಮಾರಿನ ಬಗ್ಗೆ ಇರುವ ಕಾಳಜಿ. ನಿಮ್ಮನ್ನೇ ಕೇಳೋಣ ಅಂತ ಬರೆಯುತ್ತಿದ್ದೇನೆ.

ಪಾಠ ಗೊತ್ತಿಲ್ಲದವರಿಗೆ ಎರಡು ಮಾತು. ಮನುಷ್ಯ ಬೆಳೆಯುವುದು ಹದಿನೆಂಟಕ್ಕೆ ಮುಗಿಯುವುದಿಲ್ಲ, ಮುಪ್ಪಿನ ತನಕ ನಡೆದೇ ಇರುತ್ತದೆ ಎಂದವರು ಎರಿಕ್‌ಸನ್. 1950ರಲ್ಲಿ ಬಂದ ಪುಸ್ತಕದಲ್ಲಿ ಬಾಳನ್ನು ಎಂಟು ಹಂತ ಮಾಡಿದರು. ಒಂದೊಂದಕ್ಕೂ ಒಂದು ಜೋಡಿ. ಕೂಸಿಗೆ ನಂಬಿಕೆ, ಅಪನಂಬಿಕೆ. ಹದಿಹರೆಯದವರಿಗೆ ತಾನು ಯಾರು ಎಂಬ ಗುರುತು ಮತ್ತು ಅದರ ಗೊಂದಲ. ಪುಸ್ತಕದವರು ಇದಕ್ಕೆ ‘ಅನನ್ಯತೆ’ ಅನ್ನುತ್ತಾರೆ, ನನಗೆ ‘ಗುರುತು’ ಸಾಕು. ಮಲತಂದೆಯಿಂದ ಬಂದ ಹೋಂಬರ್ಗರ್ ಎಂಬ ಹೆಸರನ್ನು ನಡುವಿಗೆ ಸರಿಸಿ, 1939ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್‌ಸನ್ ಎಂದು ತಾನೇ ಹೆಸರಿಟ್ಟುಕೊಂಡ ಮನುಷ್ಯ ಅವರು. ಗುರುತಿನ ಕಷ್ಟ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ನಮ್ಮ ನೋಟ್ಸ್‌ಗಳಲ್ಲಿ ಈ ಜೋಡಿಗಳ ನಡುವೆ ‘ವಿರುದ್ಧ’ ಎಂದು ಹಾಕಿರುತ್ತಾರೆ. ಓದಿದರೆ ಕೋರ್ಟ್ ಕೇಸಿನ ಹಾಗಿರುತ್ತದೆ, ಒಬ್ಬರು ಗೆದ್ದರೆ ಇನ್ನೊಬ್ಬರು ಸೋತಂತೆ. ಎರಿಕ್‌ಸನ್ ಹೇಳಿದ್ದು ಹಾಗಲ್ಲ. ಸಿಕ್ಕಿದವರನ್ನೆಲ್ಲ ನಂಬುವ ಮಗುವಿಗೆ ಕಷ್ಟವೇ. ಅಪನಂಬಿಕೆಯೂ ಒಂದು ಚಿಟಿಕೆ ಬೇಕು.

ಹೋದ ವರ್ಷ ಒಬ್ಬ ಹುಡುಗ ತಂದ ಜೆರಾಕ್ಸ್ ನೋಟ್ಸ್‌ನಲ್ಲಿ ನಾಲ್ಕನೇ ಹಂತ, ಅಂದರೆ ಸುಮಾರು 6ರಿಂದ 12 ವರ್ಷ, ‘ಕೈಗಾರಿಕೆ ವಿರುದ್ಧ ಕೀಳರಿಮೆ’ ಎಂದಿತ್ತು! ‘ಇಂಡಸ್ಟ್ರಿ’ ಕಂಡ ತಕ್ಷಣ ಯಾರೋ ಬರೆದುಬಿಟ್ಟಿದ್ದಾರೆ. ‘ಆರು ವರ್ಷದ ಮಗು ವಸಂತನರಸಾಪುರಕ್ಕೆ ಕೆಲಸಕ್ಕೆ ಹೋಗುತ್ತಾ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ಬಂತು. ವಸಂತನರಸಾಪುರ ಅಂದರೆ ತುಮಕೂರಿನ ಹತ್ತಿರದ ಕೈಗಾರಿಕಾ ಪ್ರದೇಶ. ಎಲ್ಲರೂ ನಕ್ಕೆವು. ಆಮೇಲೆ ನೋಡಿದರೆ ಆ ಪದದೊಳಗೆ ‘ಕೈ’ ಇದ್ದೇ ಇದೆ. ಆ ವಯಸ್ಸಿನ ಮಕ್ಕಳ ಕೆಲಸವೂ ಅದೇ. ಅಕ್ಷರ ದುಂಡಗೆ ಬರೆಯುವುದು, ಹೂ ಕಟ್ಟುವುದು, ಸೈಕಲ್ ಚೈನು ಕಳಚಿದರೆ ತಾನೇ ಹಾಕಿಕೊಳ್ಳುವುದು. ‘ಕೈ ಕುದುರಿತು’ ಅನ್ನುತ್ತೇವಲ್ಲ, ಅದು. ಕ್ಲಾಸಿನಲ್ಲಿ ಈಗ ಹಾಗೇ ಹೇಳುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ‘ಪರಿಶ್ರಮಶೀಲತೆ’ ಬರೆಯಿರಿ ಅನ್ನುತ್ತೇನೆ, ಮಾರ್ಕ್ಸ್ ಹೋಗಬಾರದಲ್ಲ.

ಎರಡನೇ ಹಂತದ ‘ಸ್ವಾಯತ್ತತೆ’ ಕೇಳಿದರೆ ನಮ್ಮವರಿಗೆ ಯಾವುದೋ ಕಾಲೇಜು ನೆನಪಾಗುತ್ತದೆ. ಎರಡೂವರೆ ವರ್ಷದ ಮಗು ಚಡ್ಡಿಯ ಒಂದೇ ತೂತಿಗೆ ಎರಡೂ ಕಾಲು ತೂರಿಸಿಕೊಂಡು, ಬೀಳುವ ಹಾಗಿದ್ದರೂ ‘ನಾನೇ, ನಾನೇ’ ಎಂದು ನಮ್ಮ ಕೈ ತಳ್ಳುತ್ತದೆ ನೋಡಿ, ಆ ‘ನಾನೇ’ಯ ದೀರ್ಘದಲ್ಲಿ ಇಡೀ ಹಂತ ಇದೆ. ಅದರ ಜೋಡಿಯಾದ ‘ನಾಚಿಕೆ’ ನನಗೆ ಅಷ್ಟು ಸರಿ ಕಾಣುವುದಿಲ್ಲ. ಮದುವೆ ಹುಡುಗಿಗೂ ನಾಚಿಕೆ, ಅದು ಚಂದ. ಮನೆಮಂದಿಯೆಲ್ಲ ‘ಶೇಮ್ ಶೇಮ್’ ಎಂದು ನಕ್ಕಾಗ ಮಗುವಿಗೆ ಆಗುವುದು ಬೇರೆಯೇ. ಅದು ಅವಮಾನ.

ಎಂಟನೆಯದು, ಮುಪ್ಪಿನದು, ‘ಅಹಂ ಸಮಗ್ರತೆ’. ಬಾಳಿದ ಬಾಳನ್ನು ಒಪ್ಪಿಕೊಂಡು ತೃಪ್ತಿಯಿಂದ ಇರುವುದು ಎಂದರ್ಥ. ನಮ್ಮ ಕಡೆ ಹೀಗಂದರೆ ಅಜ್ಜನಿಗೆ ಜಂಬ ಭರ್ತಿ ಇದೆ ಅಂತಲೇ ತಿಳಿಯುತ್ತಾರೆ. ಇರಲಿ, ಅದು ಇನ್ನೊಂದು ದಿನಕ್ಕೆ.

ಈಗ ಏಳನೆಯದು, ನಡುವಯಸ್ಸಿನದು. ‘ಉತ್ಪಾದಕತೆ’ ಎಂದು ಬರೆದಿರುತ್ತಾರೆ, ಎದುರಿಗೆ ‘ಸ್ಥಗಿತತೆ’. ಉತ್ಪಾದಕತೆ ಫ್ಯಾಕ್ಟರಿಯ ಮಾತು. ಇಂಗ್ಲಿಷಿನಲ್ಲಿ ಅದಕ್ಕೆ ‘ಪ್ರೊಡಕ್ಟಿವಿಟಿ’ ಎಂಬ ಪದ ಇದ್ದೇ ಇದೆ, ಅದು ಈ ಪದದ ಜಾಗ ತುಂಬಲಾರದು ಎಂದು ಎರಿಕ್‌ಸನ್ನರೇ ಬರೆದಿದ್ದಾರೆ. ಅವರು ಹೇಳುತ್ತಿದ್ದದ್ದು ಮುಂದಿನ ತಲೆಮಾರನ್ನು ನೆಲೆ ನಿಲ್ಲಿಸುವ, ದಾರಿ ತೋರಿಸುವ ಕಾಳಜಿಯ ಬಗ್ಗೆ.

‘ನಮ್ಮ ದೊಡ್ಡಪ್ಪನಿಗೆ ಮಕ್ಕಳಿಲ್ಲ ಮೇಡಂ. ಹಾಗಾದ್ರೆ ಅವರಿಗೆ ಉತ್ಪಾದಕತೆ ಇಲ್ವಾ?’ ಎಂದು ಗುಬ್ಬಿ ಕಡೆಯ ಹುಡುಗಿ ಕೇಳಿದಳು. ದೊಡ್ಡಪ್ಪ ಏನು ಮಾಡುತ್ತಾರೆ ಎಂದೆ. ಹಲಸು ಕಸಿ ಕಟ್ಟುತ್ತಾರಂತೆ. ಪೆನ್ಸಿಲ್ ದಪ್ಪದ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಚೂಪು ಮಾಡಿದ ಕಡ್ಡಿಯನ್ನು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಊರಿನ ಹುಡುಗರನ್ನು ಸುತ್ತ ಕೂರಿಸಿಕೊಂಡು ಕಲಿಸುತ್ತಾರೆ, ‘ಬಿಗಿಯಾಗಿ ಸುತ್ತೋ, ನೀರು ಇಳಿದ್ರೆ ಹೋಯ್ತು’ ಎಂದು ಬೈಯುತ್ತಾರೆ. ಅದೇ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ಗೊತ್ತಲ್ಲ, ಕೆಂಪು ತೊಳೆಯದು? ಮರ ನೆಟ್ಟ ತಂದೆಯ ಹೆಸರೇ ಮಗನ ಕಾಲದಲ್ಲಿ ತಳಿಗೆ ಬಂದಿದ್ದು. ಎರಿಕ್‌ಸನ್ ಕೈಗೆ ಇಂಥದ್ದು ಸಿಕ್ಕಿದ್ದರೆ ಪಾಠಕ್ಕೆ ಸೇರಿಸಿಕೊಳ್ಳುತ್ತಿದ್ದರೇನೋ. ಇದನ್ನು ಉತ್ಪಾದಕತೆ ಅಂದರೆ ವರ್ಷಕ್ಕೆ ಎಷ್ಟು ಕಾಯಿ ಎಂಬ ಲೆಕ್ಕ ಆಗಿಬಿಡುತ್ತದೆ.

ನಾನು ಯೋಚಿಸಿದ ಪದಗಳಿವು. ‘ಬೆಳೆಸುವಿಕೆ’ ತಪ್ಪಿಲ್ಲ, ಆದರೆ ಸಪ್ಪೆ. ‘ಪೊರೆ’ ಹಳೆಯ ಪದ, ಚಂದವಾಗಿದೆ. ಆದರೆ ನನ್ನ ಹುಡುಗರಿಗೆ ನೆನಪಾಗುವುದು ಹಾವಿನ ಪೊರೆ, ಇಲ್ಲ ಕಣ್ಣಿನ ಪೊರೆ. ಆಮೇಲೆ ‘ಸಾಕು’ ಹೊಳೆದಾಗ ಒಂದು ದಿನ ಪೂರ್ತಿ ಖುಷಿಯಾಗಿದ್ದೆ. ಕನ್ನಡದಲ್ಲಿ ಸಾಕು ಅಂದರೆ ಪಾಲಿಸು, ಸಾಕು ಅಂದರೆ ಇನ್ನು ಬೇಡ. ನಲವತ್ತು ದಾಟಿದವರ ಮುಂದೆ ಇರುವುದೂ ಇವೆರಡೇ ಅಲ್ವಾ? ಒಂದೋ ಸಾಕುವುದು, ಇಲ್ಲವೇ ‘ಸಾಕಪ್ಪಾ, ನನ್ನ ಪಾಡಿಗೆ ನಾನಿರ್ತೀನಿ’ ಎಂದು ಕೂತುಬಿಡುವುದು. ಎರಡು ಸಾಕಿಗೂ ಬೇರು ಒಂದೇನಾ? ಬಲ್ಲವರು ತಿಳಿಸಿ. ಆದರೆ ಹೆಸರುಪದ ಮಾಡಲು ಹೋದರೆ ‘ಸಾಕಣೆ’ ಆಗುತ್ತದೆ, ಹಿಂದೆಯೇ ಕೋಳಿ ಬಂದು ನಿಲ್ಲುತ್ತದೆ.

ಕೊನೆಗೆ ಆ ಹುಡುಗಿಯನ್ನೇ ಕೇಳಿದೆ, ನಿಮ್ಮೂರಲ್ಲಿ ದೊಡ್ಡಪ್ಪನ ಬಗ್ಗೆ ಏನಂತಾರೆ? ‘ನಾಕು ಹುಡುಗ್ರನ್ನ ಮುಂದಕ್ಕೆ ತಂದ್ರು ಅಂತಾರೆ’ ಎಂದಳು.

ಸದ್ಯಕ್ಕೆ ಬೋರ್ಡಿನ ಮೇಲೆ ‘ಮುಂದಕ್ಕೆ ತರುವುದು, ನಿಂತ ನೀರಾಗುವುದು’ ಎಂದು ಬರೆದಿದ್ದೇನೆ. ಇದಕ್ಕೆ ಒಂದೇ ಪದ ನಿಮ್ಮ ಮನೆಮಾತಿನಲ್ಲಿ ಇದ್ದರೆ ಹೇಳಿ. ಪಾವಗಡ, ಕೋಲಾರದ ಕಡೆಯವರು ತೆಲುಗು ಬೆರೆತದ್ದಾದರೂ ಸರಿ, ಸುಮ್ನೆ ಬರೆದು ಕಳಿಸಿ. ಶುಕ್ರವಾರ ಮತ್ತೆ ಅದೇ ಕ್ಲಾಸಿದೆ.