ಹೊಸ ಸಿಮೆಂಟ್ ಕೊಳಕ್ಕೆ ಯಾವ ಮೀನು, ಎಷ್ಟು, ಯಾವಾಗ?

ಹಿತ್ತಿಲುಪ್ರಿಯ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹೊರವಲಯದ ನಮ್ಮ ಮನೆಯ ಹಿತ್ತಿಲಿನಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಕೊಳವೊಂದನ್ನು ಇಟ್ಟಿಗೆ ಮತ್ತು ಸಿಮೆಂಟಿನಿಂದ ಕಟ್ಟಿಸಿದ್ದು, ಗಿಲಾವು ಕಳೆದ ವಾರವಷ್ಟೇ ಮುಗಿದಿದೆ. ನಲ್ಲಿ ನೀರು ತುಂಬಿಸಿ ಈ ಭಾನುವಾರವೇ ಕೋಯಿ (ಬಣ್ಣದ ಅಲಂಕಾರಿಕ ಮೀನು) ಮತ್ತು ಗೋಲ್ಡ್‌ಫಿಶ್ ತರಬಹುದೇ? ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ ಕೆಲವು ಕಾಟ್ಲಾ ಮರಿಗಳನ್ನು ತಂದು ಊಟಕ್ಕೆ ಬೆಳೆಸಬೇಕೆಂಬುದು ನಮ್ಮ ತಂದೆಯವರ ಆಸೆ. ಕೊಳದ ಹಿಂದೆ ಪಕ್ಕದವರ ಅಡಿಕೆ ತೋಟವಿದೆ; ಸೊಳ್ಳೆ ಹೆಚ್ಚುತ್ತದೆ ಎಂದು ಅವರು ಈಗಾಗಲೇ ಆಕ್ಷೇಪಿಸಿದ್ದಾರೆ.

ಕೊಳದಂಚು:
ಭಾನುವಾರ ಖಂಡಿತ ಬೇಡ. ಹಸಿ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಡುತ್ತಲೇ ಇರುವುದರಿಂದ ಪಿ.ಎಚ್. (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) 10ನ್ನೂ ದಾಟಬಹುದು; ಮೀನಿಗೆ ಒಗ್ಗುವುದು ಸುಮಾರು 6.5ರಿಂದ 8.5ರವರೆಗೆ. ಕೊಳ ತುಂಬಿಸಿ, ಬಾಳೆದಿಂಡನ್ನು ಕತ್ತರಿಸಿ ಹಾಕಿ, ಕೆಲವು ದಿನ ಬಿಟ್ಟು ನೀರನ್ನು ಪೂರ್ತಿ ಹೊರಚೆಲ್ಲಿ ಗೋಡೆಗಳನ್ನು ಉಜ್ಜಿ ತೊಳೆಯುವುದು ನಮ್ಮ ಕಡೆಯ ಹಳೆಯ ರೂಢಿ. ಪಿ.ಎಚ್. ಕಾಗದದಲ್ಲಿ ನೋಡಿ, ಸರಿಹೋಗುವವರೆಗೆ ಇದನ್ನೇ ಮತ್ತೆ ಮಾಡಿ. ಕೊನೆಯ ಬಾರಿ ತುಂಬಿಸಿದ ನಲ್ಲಿ ನೀರು ಕ್ಲೋರಿನ್ ಹಾರಿಹೋಗಲು ಒಂದೆರಡು ದಿನ ಬಿಸಿಲಿನಲ್ಲಿರಲಿ.

ಆಮೇಲೂ ಎಲ್ಲ ಮೀನನ್ನು ಒಟ್ಟಿಗೆ ಬಿಡಬೇಡಿ. ಮೀನು ಹೊರಹಾಕುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ಮತ್ತು ಕಲ್ಲುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಪಿ.ಎಚ್. ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುವುದರಿಂದ ಸುಣ್ಣದ ಅಂಶ ತೊಳೆದು ತೆಗೆಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟವರಿಗೆ ಇಲ್ಲಿ ಎರಡು ಪಟ್ಟು ತೊಂದರೆ. ಮೊದಲು ಎರಡು ಮೂರು ಗೋಲ್ಡ್‌ಫಿಶ್ ಸಾಕು.

ಮೀನುಗೆಳೆಯ:
ಸಂಖ್ಯೆಯ ಬಗ್ಗೆ ಹೇಳುತ್ತೇನೆ. ನಿಮ್ಮ ಕೊಳದಲ್ಲಿ ಸುಮಾರು 5,000 ಲೀಟರ್ ನೀರು ಹಿಡಿಯುತ್ತದೆ. ಬೆಳೆದ ಕೋಯಿ ಎರಡು ಅಡಿ ಮುಟ್ಟುವುದರಿಂದ ಒಂದಕ್ಕೆ ಸಾವಿರ ಲೀಟರ್ ಎಂಬುದು ಸಾಕುವವರ ಸ್ಥೂಲ ಲೆಕ್ಕ. ಅಂಗಡಿಯಲ್ಲಿ ಬೆರಳುದ್ದ ಕಂಡು ಇಪ್ಪತ್ತು ತರುವ ಮನಸ್ಸಾದರೂ ತಡೆದುಕೊಳ್ಳಿ. ನನ್ನನ್ನು ಕೇಳಿದರೆ, ಮೂರಡಿ ಆಳಕ್ಕೆ ಕೋಯಿಗಿಂತ ಹತ್ತು ಹನ್ನೆರಡು ಗೋಲ್ಡ್‌ಫಿಶ್‌ಗಳೇ ಲೇಸು. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಿರುವುದರಿಂದ, ಪಂಪನ್ನು ಹಗಲಿನ ಅಂದಕ್ಕೆ ಓಡಿಸಿ ರಾತ್ರಿ ನಿಲ್ಲಿಸುವ ಅಭ್ಯಾಸ ಬೇಡ.

ಕಾಟ್ಲಾದ ವಿಷಯದಲ್ಲಿ ತಂದೆಯವರಿಗೆ ಬೇಸರವಾಗಬಹುದು. ಅದು ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆಯುವ ದೊಡ್ಡ ಮೀನು. ಅದಕ್ಕೆ ಕೆರೆಯಂತಹ ಹಸಿರು ನೀರು ಬೇಕು, ನಿಮಗೆ ಬೇಕಾಗಿರುವುದು ತಿಳಿನೀರು.

ಹಿತ್ತಿಲುಪ್ರಿಯ:
ಇಬ್ಬರಿಗೂ ಧನ್ಯವಾದಗಳು. ಕಾಟ್ಲಾ ಬಿಟ್ಟೆವು. ಸೊಳ್ಳೆಗೆ ಗಪ್ಪಿ (ಸೊಳ್ಳೆಯ ಮರಿಹುಳು ತಿನ್ನುವ ಪುಟ್ಟ ಮೀನು) ಬಿಡಬಹುದೇ?

ಮಲೆನಾಡಿಗ:
ಗೋಲ್ಡ್‌ಫಿಶ್ ಕೂಡ ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆ. ಗಿಡಗಳು ದಟ್ಟವಾಗಿ ಹಬ್ಬದಂತೆ ನೋಡಿಕೊಂಡರೆ ಗಪ್ಪಿಯ ಅಗತ್ಯ ಬೀಳುವುದಿಲ್ಲ. ಗಪ್ಪಿ ಹೊರದೇಶದ ಮೀನಾದ್ದರಿಂದ ಮಳೆಗಾಲದಲ್ಲಿ ಉಕ್ಕಿದ ನೀರಿನೊಂದಿಗೆ ಹಳ್ಳ ಸೇರಿದರೆ ಅಲ್ಲಿನ ಮೀನುಗಳಿಗೆ ಪೈಪೋಟಿಯಾಗುತ್ತದೆ. ಯಾವ ಮೀನನ್ನೇ ಬಿಡಿ, ಹೆಚ್ಚುವರಿ ನೀರು ಹೋಗುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿ.

ನನಗೆ ಹೆಚ್ಚು ಆತಂಕವಿರುವುದು ಆ ಅಡಿಕೆ ತೋಟದ ಬಗ್ಗೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರದ ಅಂಶ ಸ್ವಲ್ಪವೇ ಇದ್ದರೂ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಔಷಧಿ ಹೊಡೆಯುವ ದಿನವನ್ನು ಮೊದಲೇ ತಿಳಿಸುವಂತೆ ಪಕ್ಕದವರನ್ನು ವಿನಂತಿಸಿ, ಅಂದು ಕೊಳಕ್ಕೆ ಟಾರ್ಪಾಲು ಮುಚ್ಚಿ, ಆಮೇಲೆ ತೆಗೆಯಿರಿ. ತೋಟದಿಂದ ಹರಿದು ಬರುವ ಮಳೆನೀರು ಒಳನುಗ್ಗದಂತೆ ಕೊಳದ ಅಂಚನ್ನು ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರಿಸಿ, ಆ ಬದಿಯಲ್ಲಿ ಒಂದು ಕಾಲುವೆ ತೋಡಿಸಿ. ಗಾರೆಯವರು ಇನ್ನೂ ಊರಿನಲ್ಲಿದ್ದರೆ, ನೀರು ತುಂಬುವ ಮೊದಲೇ ಈ ಕೆಲಸ ಮಾಡಿಸಿಕೊಳ್ಳುವುದು ಒಳ್ಳೆಯದು.