"ತಗೊಂಡಾಯ್ತು, ಒಂದು ಸಹಿ ಹಾಕಿ" ಅಂದರೆ ಏನು ಮಾಡ್ತೀರಿ?

ಲ್ಯಾಬ್‌ಕೀಲಿಕೈ:
ನಮ್ಮದು ರಾಜ್ಯ ಸರ್ಕಾರದ ವಿವಿ. ಕಂಪ್ಯೂಟರ್ ಸೆಂಟರ್‌ನಲ್ಲಿ ನಾನು, ಇನ್ನೊಬ್ಬ ಹುಡುಗ, ಒಂದು ಕೆಟ್ಟ ಎಸಿ. ಮೊನ್ನೆ ಒಬ್ಬ ವಿಭಾಗ ಮುಖ್ಯಸ್ಥರು ಫೈಲು ಹಿಡಿದು ಬಂದರು. "ಹಾಜರಾತಿ ಆ್ಯಪ್. ಎಲ್ಲಾ ಕ್ಲೌಡ್‌ನಲ್ಲೇ ಇರುತ್ತೆ, ನಿಮಗೆ ಸರ್ವರ್ ತಲೆನೋವೂ ಇಲ್ಲ. ಒಂದು ಸಹಿ ಹಾಕಿಬಿಡಿ." ವಿಚಾರಿಸಿದರೆ, ಟ್ರಯಲ್ ಅಂತ 340 ವಿದ್ಯಾರ್ಥಿಗಳ ಹೆಸರು, ಫೋಟೊ, ಮೊಬೈಲ್ ನಂಬರ್ ಆಗಲೇ ಏರಿಸಿಯಾಗಿದೆ. ಜಾತಿ ಕಾಲಂ ಸಮೇತ! ಹಾಜರಾತಿಗೆ ಜಾತಿ ಯಾಕೆ ಸಾರ್ ಅಂದೆ. "ಎಕ್ಸೆಲ್‌ನಲ್ಲಿ ಇತ್ತು, ಹಾಗೇ ಹಾಕಿದ್ವಿ."

ಕಂಪನಿಯವರು ಐಎಸ್ಒ 27001 (ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟಿನ ಜೆರಾಕ್ಸ್ ಕೊಟ್ಟಿದ್ದಾರೆ. ಓದಿದರೆ ಅದು ಅವರು ಬಾಡಿಗೆಗಿರುವ ಡೇಟಾ ಸೆಂಟರ್‌ದು, ಇವರದ್ದಲ್ಲ. ಮೇಷ್ಟ್ರು ಒಳ್ಳೆಯವರು, ಬರಿದೇ ಇಲ್ಲ ಅನ್ನೋಕೆ ಮನಸ್ಸಿಲ್ಲ. ನೀವು ಏನೇನು ನೋಡಿ ಸಹಿ ಹಾಕ್ತೀರಿ?

ಪಡಸಾಲೆ:
ನಾನು ಅಮೆರಿಕದ ಒಂದು ವಿವಿಯಲ್ಲಿ ಇದೇ ಕೆಲಸ ಮಾಡೋದು. ಇಲ್ಲಿ ಎಜುಕಾಸ್ ಅಂತ ಕಾಲೇಜು-ವಿವಿಗಳ ತಂತ್ರಜ್ಞಾನ ಸಂಘ ಇದೆ. ಆ್ಯಪ್ ಮಾರುವವರ ಸುರಕ್ಷತೆ ಪರೀಕ್ಷಿಸೋಕೆ ಅವರ ಹೆಕ್ವ್ಯಾಟ್ ಅಂತ ಪ್ರಶ್ನಾವಳಿ ಇದೆ, ಪುಕ್ಕಟೆ. ಕಂಪನಿಯವರೇ ತುಂಬಿಕೊಡಬೇಕು. ಅಷ್ಟುದ್ದದ್ದು ನಿಮಗೆ ಬೇಡ. ವಿವಿಯ ಐಡಿಯಲ್ಲೇ ಲಾಗಿನ್ ಆಗುತ್ತಾ ಅಂತ ಮಾತ್ರ ಬಿಡದೆ ಕೇಳಿ. ಇಲ್ಲದಿದ್ದರೆ ಬಿಟ್ಟುಹೋದ ಅತಿಥಿ ಉಪನ್ಯಾಸಕರ ಖಾತೆ ವರ್ಷಗಟ್ಟಲೆ ತೆರೆದೇ ಇರುತ್ತೆ. ಆಮೇಲೆ 10 ಸುಳ್ಳು ವಿದ್ಯಾರ್ಥಿಗಳನ್ನು ಹಾಕಿ, ಆ ಮಾಹಿತಿಯನ್ನು ಕಡತವಾಗಿ ಹೊರಗೆ ತೆಗೆದು, ಆಮೇಲೆ ಅಳಿಸಿ ನೋಡಿ. ನೂರು ಪ್ರಶ್ನೆ ಹೇಳದ್ದನ್ನು ಅದು ಹೇಳುತ್ತೆ.

ಹಳೇಫೈಲು:
ಕರಾರು ಎಲ್ಲಿ? ಆ್ಯಪ್‌ನ ಷರತ್ತಿಗೆ "ಒಪ್ಪಿದೆ" ಅಂತ ಟಿಕ್ ಒತ್ತಿದ್ದು ಮೇಷ್ಟ್ರು, ವಿವಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಹೊರಗಿನವರ ಕೈಲಿ ಮಾಹಿತಿ ಕೊಡೋಕೆ ಕರಾರು ಬೇಕು. ಅವರು ತಪ್ಪು ಮಾಡಿದರೂ ಹೊಣೆ ಮಾಹಿತಿ ಕೊಟ್ಟ ಸಂಸ್ಥೆಯದ್ದೇ. 18 ತುಂಬದವರು ಆ ಕಾಯ್ದೆಯಲ್ಲಿ ಮಕ್ಕಳು, ಪಿಯುಸಿ ಮುಗಿಸಿ ಬಂದ 17ರವರು ನಿಮ್ಮಲ್ಲಿ ಎಷ್ಟಿಲ್ಲ?

ಇನ್ನೊಂದು. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ ಮಾಹಿತಿ ಸೋರಿಕೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಭಾನುವಾರ ಕಂಪನಿಯಲ್ಲಿ ಫೋನ್ ಎತ್ತುವವರು ಯಾರು, ಬರೆಸಿಕೊಳ್ಳಿ. ಎರಡನೇ ವರ್ಷದ ದರವನ್ನೂ. ಶಿಕ್ಷಣ ಸಂಸ್ಥೆಗಳಿಗೆ ಕಡತ ಇಡುವ ಜಾಗಕ್ಕೆ ಮಿತಿಯೇ ಇಲ್ಲ ಅಂತಿದ್ದ ಗೂಗಲ್ಲೇ 2021ರಲ್ಲಿ ಒಟ್ಟು 100 ಟಿಬಿ ಅಂತ ಘೋಷಿಸಿತಲ್ಲ.

ಲ್ಯಾಬ್‌ಕೀಲಿಕೈ:
ಪಡಸಾಲೆ ಅವರೇ, ಮಾಡಿ ನೋಡಿದೆ. ಹೊರತೆಗೆದ ಕಡತ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರೆಲ್ಲ ಗಜಿಬಿಜಿ. ಅದು ಹೋಗಲಿ, ಯುಟಿಎಫ್-8 (ಕನ್ನಡವನ್ನೂ ಒಳಗೊಂಡ ಅಕ್ಷರ ಸಂಕೇತ ಪದ್ಧತಿ) ಅಂತ ಆರಿಸಿ ಆಮದು ಮಾಡಿಕೊಂಡರೆ ಸರಿಯಾಗುತ್ತೆ. ಹತ್ತೂ ಜನರನ್ನು ಅಳಿಸಿದ ಮೇಲೆ, ಮೊದಲೇ ನಕಲು ಮಾಡಿಟ್ಟುಕೊಂಡಿದ್ದ ಫೋಟೊ ಲಿಂಕನ್ನು ಮನೆಯ ಮೊಬೈಲಿನಲ್ಲಿ ಒತ್ತಿದೆ. ಲಾಗಿನ್ನೂ ಕೇಳಲಿಲ್ಲ, ಫೋಟೊ ಬಂತು. (ನಮ್ಮ ಮನೆ ಬೆಕ್ಕಿನ ಫೋಟೊ ಹಾಕಿದ್ದೆ.)

ಬೆಳಿಗ್ಗೆ ಮೇಷ್ಟ್ರ ಫೋನಿನಲ್ಲೇ ತೆರೆದು ತೋರಿಸಿದೆ. ಬೆಕ್ಕನ್ನು ಸ್ವಲ್ಪ ಹೊತ್ತು ನೋಡಿ, "ನಮ್ಮ 340 ಜನರದ್ದೂ ಹಿಂಗೇನಾ?" ಅಂದರು. 340 ದಾಖಲೆ ಅಳಿಸಿ ಲಿಖಿತವಾಗಿ ತಿಳಿಸಿ ಅಂತ ಕಂಪನಿಗೆ ಅವರೇ ಪತ್ರ ಬರೆದರು. ಫೈಲು ನನ್ನ ಮೇಜಿನ ಮೇಲೇ ಇದೆ, ಸಹಿ ಇಲ್ಲದೆ.